ಅಣ್ಣನ ಮಗಳಿಗೆ ಮೊದಲ ಅಂಗಿ

ಅಣ್ಣನಿಗೆ ಮಗಳು ಹುಟ್ಟಿದ 9ನೆಯ ದಿನ, ಬಳ್ಳಾರಿಯಿಂದ ಹೊಸಪೇಟೆ, ಮುನಿರಾಬಾದ್ ದಾಟಿ ಕೊಪ್ಪಳಕ್ಕೆ ಹೋಗುವ ರೈಲು ಹತ್ತಿ ಅತ್ತಿಗೆಯ ತವರುಮನೆಗೆ ಹೋದೆ. ಬಾಗಿಲಲ್ಲೇ ಅತ್ತಿಗೆಯ ತಾಯಿ, “ಮೊದಲು ಕೈಕಾಲು ತೊಳ್ಕೋ ಯವ್ವಾ, ಆಮೇಲೆ ಕೂಸಿನ್ನ ಎತ್ಕೊಳ್ಳುವಂತಿ” ಎಂದರು. ತೊಳೆದು ಬಂದು ಕುಳಿತ ಮೇಲೆ, ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿದ್ದ ಎರಡೂಮುಕ್ಕಾಲು ಕಿಲೋದ ಆ ಜೀವವನ್ನು ನನ್ನ ತೊಡೆಯ ಮೇಲೆ ಮಲಗಿಸಿದರು. ಅದು ನನ್ನ ಕಿರುಬೆರಳನ್ನು ಬಿಗಿಯಾಗಿ ಹಿಡಿದುಕೊಂಡಿತು. ಅದರ ಉಗುರುಗಳು ಅಕ್ಕಿಯ ನುಚ್ಚಿನಷ್ಟಿದ್ದವು. ಹುಟ್ಟಿದ ಕೂಸುಗಳೆಲ್ಲ ಹಾಗೆಯೇ ಬೆರಳು ಹಿಡಿಯುತ್ತವೆ ಎಂಬುದು ಗೊತ್ತಿದ್ದರೂ ನನ್ನ ಕಣ್ಣು ತುಂಬಿ ಬಂತು.

13ನೆಯ ದಿನ ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ನಮ್ಮ ಮನೆಯ ಪದ್ಧತಿಯಂತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳೂ ಅಂಗಿ, ಕುಲಾಯಿ ತರುವವಳೂ ಸೋದರತ್ತೆಯೇ ಆದ್ದರಿಂದ ಆ ಸಂಜೆಯೇ ಪೇಟೆಗೆ ಹೋದೆ. ಮೊದಲ ಅಂಗಡಿಯವರು ಜರಿ, ನೆಟ್, ಮಣಿಗಳಿದ್ದ ಫ್ರಾಕುಗಳನ್ನು ಹರಡಿದರು. ನೋಡಲು ಚೆಂದವೇ, ಆದರೆ ಒಳಗೆ ಕೈ ಹಾಕಿ ಸವರಿದಾಗ ಹೊಲಿಗೆಯ ಅಂಚು ನನ್ನ ಬೆರಳಿಗೇ ಚುಚ್ಚಿತು. ನಮ್ಮ ಕಡೆಯ ಬಿಸಿಲಿನಲ್ಲಿ ಇಂಥ ಬಟ್ಟೆ ತೊಟ್ಟರೆ ಎಳೆಯ ಮೈಗೆ ಬೆವರುಸಾಲೆ ಏಳದೆ ಇರದು. ಕೊನೆಗೆ ಗುಂಡಿಯ ಬದಲು ಮುಂದೆ ಕಸೆ ಕಟ್ಟುವ, ತಲೆಯ ಮೇಲಿಂದ ಎಳೆಯಬೇಕಿಲ್ಲದ ನಾಲ್ಕು ಹತ್ತಿಯ ಅಂಗಿಗಳನ್ನೂ ಒಂದು ಕುಲಾಯಿಯನ್ನೂ ಆರಿಸಿದೆ. ಅತ್ತಿಗೆಯ ಉಡಿ ತುಂಬಲು ಗುಳೇದಗುಡ್ಡದ ಖಣ ತೆಗೆದುಕೊಂಡೆ.

ಹೊಸ ಬಟ್ಟೆಯ ಗಂಜಿ ಹೋಗಲೆಂದು ಆ ರಾತ್ರಿಯೇ ಅಂಗಿಗಳನ್ನು ಎರಡು ಸಲ ನೀರಿನಲ್ಲಿ ಜಾಲಾಡಿಸಿ ಹಗ್ಗದ ಮೇಲೆ ಹರವಿದೆ. ಬೆಳಗ್ಗೆ ಅತ್ತಿಗೆ ಒಂದೊಂದನ್ನೇ ಕೆನ್ನೆಗೆ ಒತ್ತಿ ನೋಡಿ, ಮಡಿಚಿ ತಲೆದಿಂಬಿನ ಪಕ್ಕದಲ್ಲಿ ಇಟ್ಟುಕೊಂಡರು.