ಪೆಡಲ್ ಮೆತ್ತಗಾದ ದಿನ

ಟ್ರ್ಯಾಕ್‌ನಲ್ಲಿ ಐದನೇ ಲ್ಯಾಪ್. ತಿರುವು ಬಂತು, ಬ್ರೇಕ್ ಒತ್ತಿದೆ. ಪೆಡಲ್ ಒದ್ದೆ ಸ್ಪಂಜಿನ ಹಾಗೆ ಸುಮ್ನೆ ಒಳಗೆ ಹೋಯಿತು. ಪಟಪಟ ಎರಡು ಸಲ ತುಳಿದ ಮೇಲೆ ಹಿಡಿಯಿತು. ಸದ್ಯ, ಬಚಾವಾದೆ.

ಪ್ಯಾಡ್ ಚೆನ್ನಾಗೇ ಇತ್ತು. ಕುದಿದದ್ದು ಬ್ರೇಕ್ ಫ್ಲೂಯಿಡ್, ಅಂದರೆ ಕಾಲಿನ ಒತ್ತಡವನ್ನು ಬ್ರೇಕಿಗೆ ಮುಟ್ಟಿಸುವ ದ್ರವ. ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ದ್ರವ ಅದುಮಿದರೆ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ಕಾಲಿನ ಬಲವೆಲ್ಲ ಅಲ್ಲೇ ಖರ್ಚಾಯಿತು.

ಈಗ ಹೊಸದು ಹುಡುಕುತ್ತಾ ಕೂತಿದ್ದೇನೆ. ರೇಸಿಂಗ್ ಫ್ಲೂಯಿಡ್ ಡಬ್ಬಿಗಳ ಮೇಲೆ ಕುದಿಯುವ ಬಿಂದು 300 ಡಿಗ್ರಿ ಸೆಲ್ಸಿಯಸ್‌ಗೂ ಜಾಸ್ತಿ ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಅದು ಡ್ರೈ ಅಂಕಿ, ನೀರು ಸೇರದ ಹೊಸ ಫ್ಲೂಯಿಡ್‌ನದು, ಸೀಲ್ ಒಡೆದ ದಿನದ ಲೆಕ್ಕ. ನನ್ನ ಕಾರಿನಲ್ಲಿರುವಂಥ, ಗ್ಲೈಕಾಲ್ ಎಂಬ ರಾಸಾಯನಿಕದಿಂದ ಮಾಡಿದ ಫ್ಲೂಯಿಡ್ ಗಾಳಿಯ ತೇವ ಹೀರುತ್ತಲೇ ಇರುತ್ತದೆ. ಸುಮಾರು 3.7% ನೀರು ಸೇರಿದ ಮೇಲಿನದು ವೆಟ್ ಅಂಕಿ. ಡಾಟ್ 4 ಅನ್ನುವ ದರ್ಜೆಯ ಫ್ಲೂಯಿಡ್‌ಗೆ ಕನಿಷ್ಠ ಡ್ರೈ 230 ಡಿಗ್ರಿ, ವೆಟ್ 155. ಎಷ್ಟು ಇಳಿಯಿತು ನೋಡಿ! ನನ್ನದು ಎರಡು ವರ್ಷ ಹಳೆಯದು, ಕಂದು ಬಣ್ಣಕ್ಕೆ ತಿರುಗಿತ್ತು. ತಪ್ಪು ನಂದೇ.

ಪ್ರತಿ ಟ್ರ್ಯಾಕ್ ದಿನಕ್ಕೂ ಫ್ಲೂಯಿಡ್ ಬದಲಿಸುವವರು ಡ್ರೈ ಅಂಕಿ ನಂಬಬಹುದು. ಅದೇ ಕಾರಿನಲ್ಲಿ ಆಫೀಸಿಗೂ ಹೋಗುವ ನನ್ನಂಥ ಸೋಮಾರಿಗೆ ವೆಟ್ ಅಂಕಿಯೇ ಮುಖ್ಯ ಅಲ್ವಾ? ಡಾಟ್ 5 ಮಾತ್ರ ಬೇಡ. ಅದು ಸಿಲಿಕೋನ್, ಗ್ಲೈಕಾಲ್ ಫ್ಲೂಯಿಡ್ ಜೊತೆ ಬೆರೆಯುವುದಿಲ್ಲ. ಡಾಟ್ 5.1 ಬೇರೆ, ಅದು ಗ್ಲೈಕಾಲ್ ಜಾತಿಯದೇ. ಹೆಸರಿಟ್ಟವರಿಗೆ ನಮಸ್ಕಾರ.

ಕಪಾಟಿನಲ್ಲಿ ಹಿಂದೆ ಸೀಲ್ ಒಡೆದ ಫ್ಲೂಯಿಡ್‌ನ ಅರ್ಧ ಬಾಟಲಿ ಇದೆ. ಮುಚ್ಚಳ ಬಿಗಿಯಾಗೇ ಇದೆ. ಆದರೂ ಇವತ್ತು ಅದನ್ನು ಎತ್ತಿಕೊಳ್ಳಲು ಕೈ ಬರುತ್ತಿಲ್ಲ.