ಕತ್ತಿ ಕೆಂಪಾದರೆ ಮದ್ದು ಹದ ಬಂತಾ?

ಬಿ.ಎಡ್ ಓದುವಾಗ ಕಲಿಕೆಯ ಸಿದ್ಧಾಂತ ಅಂದರೆ ನಮಗೆ ಒಂದು ಮೃಗಾಲಯ. ಥಾರ್ನ್‌ಡೈಕ್‌ನ ಬೆಕ್ಕು, ಪಾವ್ಲೋವ್‌ನ ನಾಯಿ, ಸ್ಕಿನ್ನರ್‌ನ ಇಲಿ, ಕೋಹ್ಲರ್‌ನ ಸುಲ್ತಾನ್ ಎಂಬ ಚಿಂಪಾಂಜಿ. ಯಾವ ಪ್ರಾಣಿ ಯಾರದ್ದು ಅಂತ ನೆನಪಿದ್ದರೆ ಪಾಸು. ಸಿದ್ಧತೆ, ಅಭ್ಯಾಸ, ಪರಿಣಾಮ ಎಂಬ ಥಾರ್ನ್‌ಡೈಕ್‌ನ ಮೂರು ನಿಯಮಗಳನ್ನು ನಾನೂ ಬಾಯಿಪಾಠ ಹೊಡೆದು ಬರೆದವಳೇ. ಶಾಲೆಯಲ್ಲಿ ಕೆಲಸ ಸಿಗಲಿಲ್ಲ. ಶಿರಸಿಯ ಒಂದು ಸಂಸ್ಥೆಯಲ್ಲಿ ಅಡಿಕೆ ತೋಟದ ಕೆಲಸಗಾರರಿಗೆ ತರಬೇತಿ ಕೊಡುವ ಕೆಲಸ ಸಿಕ್ಕಿತು. ದೋಟಿ, ಅಂದರೆ ಕೆಳಗೆ ನಿಂತೇ ಅಡಿಕೆ ಕೊಯ್ಯುವ ಉದ್ದ ಕೋಲು, ಹಿಡಿಯುವುದು, ಕಾಯಿ ಕೊಳೆಸುವ ಕೊಳೆರೋಗಕ್ಕೆ ಮದ್ದು ಹೊಡೆಯುವುದು ಇಂಥವು. ಶಾಲೆ ಇಲ್ಲದಿದ್ದರೂ ಎಲ್ಲರಿಗೂ ನಾನು ಅಕ್ಕೋರು, ಅಂದರೆ ಟೀಚರ್.

ಮೊದಲ ಎರಡು ವರ್ಷ ನನ್ನ ತರಬೇತಿಗಳು ಭರ್ಜರಿಯಾಗಿ ನಡೆದವು. ಬ್ಯಾನರ್, ಹಾಜರಿ ಸಹಿ, ಪರದೆಯ ಮೇಲೆ ಕೊಳೆರೋಗದ ಮದ್ದಾದ ಬೋರ್ಡೋ ದ್ರಾವಣದ 14 ಅಂಶಗಳ ಪಾಠ, ಮಧ್ಯಾಹ್ನ ಊಟ, ಕೊನೆಗೆ ಐದು ಪ್ರಶ್ನೆ. ಮೈಲುತುತ್ತ (ತಾಮ್ರದ ಸಲ್ಫೇಟ್) ಎಷ್ಟು? ಒಂದು ಕೆಜಿ. ಸುಣ್ಣ? ಒಂದು ಕೆಜಿ. ನೀರು? ನೂರು ಲೀಟರ್. ಹೆಚ್ಚಿನವರು ಐದಕ್ಕೆ ಐದು. ಅಭಿಪ್ರಾಯದ ಫಾರಂನಲ್ಲಿ ‘ಅತ್ಯುತ್ತಮ’. ಆ ಫಾರಂ ಊಟವನ್ನು ಅಳೆಯುತ್ತಿತ್ತೇ ಹೊರತು ಪಾಠವನ್ನಲ್ಲ ಅಂತ ಹೊಳೆದದ್ದು ಬಹಳ ತಡವಾಗಿ.

ಜುಲೈ ತಿಂಗಳು. ಮಳೆ ಎರಡು ದಿನ ಹೊಳವಾಗಿತ್ತು, ಎಲ್ಲ ತೋಟಗಳಲ್ಲೂ ಎರಡನೇ ಸಲದ ಮದ್ದು ಹೊಡೆಯುವ ಗಡಿಬಿಡಿ. ಬೇರೇನೋ ಕೆಲಸಕ್ಕೆ ಹುಲೇಕಲ್ ಕಡೆ ಹೋಗಿದ್ದೆ. ಒಂದು ತೋಟದ ಅಂಚಿನಲ್ಲಿ ನಮ್ಮ ತರಬೇತಿಗೆ ಬಂದಿದ್ದವನೊಬ್ಬ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮದ್ದು ಕಲಸುತ್ತಿದ್ದ. ಐದಕ್ಕೆ ಐದು ತೆಗೆದಿದ್ದ ಹುಡುಗ. ಅಳತೆ ಸರಿ, ಡ್ರಮ್ ಸರಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತಿದ್ದದ್ದೂ ಸರಿ. ನನಗೆ ಒಳಗೊಳಗೇ ಖುಷಿ. ಸುಣ್ಣದ ಚೀಲ ಮಾತ್ರ ಹಳೆಯದು, ಬಾಯಿ ಬಿಚ್ಚಿಕೊಂಡು ಅಟ್ಟದ ಮೇಲೆ ವರ್ಷಗಟ್ಟಲೆ ಕೂತದ್ದು.

“ಚಾಕು ಅದ್ದಿ ನೋಡಿದ್ಯಾ?” ಅಂದೆ.

ಸೊಂಟದ ಕತ್ತಿ ತೆಗೆದು ಅದ್ದಿ, ಸ್ವಲ್ಪ ಹೊತ್ತು ಹಿಡಿದು ಮೇಲೆತ್ತಿದ. ಅಂಚಿನಲ್ಲಿ ಸ್ಪಷ್ಟ ಕೆಂಪು. ಅವನ ಮುಖ ಅರಳಿತು. “ಕೆಂಪಾಯ್ತು ನೋಡಿ ಅಕ್ಕೋರೆ, ಮದ್ದು ಹದ ಬಂತು.”

ನಾನು ಕಲಿಸಿದ್ದು ಸರಿಯಾಗಿ ಅದರ ಉಲ್ಟಾ. ಹಳೆ ಸುಣ್ಣ ಗಾಳಿ ಕುಡಿದು ಸತ್ವ ಕಳೆದುಕೊಂಡಿರುತ್ತದೆ. ತೂಕ ಒಂದು ಕೆಜಿ ಇದ್ದರೂ ಕೆಲಸ ಒಂದು ಕೆಜಿಯದ್ದಲ್ಲ. ಆಗ ತಾಮ್ರದ ಅಂಶ ಬಿಡಿಯಾಗಿ ನೀರಿನಲ್ಲೇ ಉಳಿಯುತ್ತದೆ, ಕಬ್ಬಿಣ ಅದ್ದಿದರೆ ಅದರ ಮೇಲೆ ಬಂದು ಕೂರುತ್ತದೆ. ಆ ಕೆಂಪು ತಾಮ್ರದ್ದು. ಹಾಗೇ ಹೊಡೆದರೆ ಎಳೆಗಾಯಿ ಸುಡುತ್ತದೆ. ಕೆಂಪು ಹೋಗುವ ತನಕ ಸುಣ್ಣದ ತಿಳಿ ಸೇರಿಸಬೇಕು. ಇಷ್ಟೂ ನನ್ನ ಪರದೆಯ ಮೇಲೆ ಇತ್ತು, ಒಂಬತ್ತನೇ ಅಂಶ.

ಇಷ್ಟು ಚುರುಕು ಹುಡುಗ ತಿರುಗುಮುರುಗು ಮಾಡಿಕೊಂಡದ್ದಾದರೂ ಹೇಗೆ? ಕೇಳಿದೆ. ಅವನು ಬಾಯೊಳಗಿನ ಎಲೆ-ಅಡಿಕೆಯ ಕವಳ ಒಂದು ಕಡೆಗೆ ಸರಿಸಿ ನಕ್ಕ. “ಸುಣ್ಣ ಸರಿ ಬಿದ್ರೇ ಅಲ್ವಾ ಬಾಯಿ ಕೆಂಪಾಗೂದು?”

ಉತ್ತರ ಕೊಡಲಿಕ್ಕೆ ಆಗದೆ ನಿಂತೆ. ಕವಳದಲ್ಲಿ ಅದು ಸರಿಯೇ. ಅಡಿಕೆಯ ಒಗರಿಗೆ ಸುಣ್ಣ ಸೇರಿದರೇ ಕೆಂಪು. ಸುಣ್ಣ ಕಡಿಮೆಯಾದರೆ ಸಪ್ಪೆ. ಚಿಕ್ಕಂದಿನಿಂದ ಅಜ್ಜ, ಅಪ್ಪ ಎಲ್ಲರ ಬಾಯಿ ನೋಡಿ ಕಲಿತದ್ದು ಅದು. ನನ್ನ ಒಂಬತ್ತನೇ ಅಂಶಕ್ಕೆ ಸಿಕ್ಕಿದ್ದು ಅರ್ಧ ನಿಮಿಷ. ಮರೆತ ಜಾಗಕ್ಕೆ ಅವನ ತಲೆ ತನಗೆ ಗೊತ್ತಿದ್ದ ಸುಣ್ಣ-ಕೆಂಪಿನ ಲೆಕ್ಕವನ್ನೇ ತಂದು ಕೂರಿಸಿತ್ತು. ದಡ್ಡತನ ಅಲ್ಲ ಅದು, ಒಳ್ಳೆಯ ತರ್ಕ.

ಆವತ್ತು ಮನೆಗೆ ಬಂದು ಬಿ.ಎಡ್ ಪುಸ್ತಕ ತೆಗೆದೆ. ಡೇವಿಡ್ ಆಸುಬೆಲ್ ಎಂಬ ಮನೋವಿಜ್ಞಾನಿ 1968ರಲ್ಲೇ ಹೇಳಿದ್ದಾನೆ: ಕಲಿಕೆಯ ಮೇಲೆ ಎಲ್ಲಕ್ಕಿಂತ ಹೆಚ್ಚು ಪ್ರಭಾವ ಬೀರುವುದು ಕಲಿಯುವವನಿಗೆ ಆಗಲೇ ಏನು ಗೊತ್ತಿದೆ ಎಂಬುದು, ಅದನ್ನು ಕಂಡುಕೊಂಡು ಅಲ್ಲಿಂದ ಕಲಿಸು ಅಂತ. ಈ ಸಾಲಿನ ಕೆಳಗೆ ನಾನೇ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ‘ಬಹುಮುಖ್ಯ, 5 ಅಂಕ’ ಅಂತ ಬರೆದಿಟ್ಟಿದ್ದೆ. ಐದು ಅಂಕ ಸಿಕ್ಕಿತ್ತು ಕೂಡಾ.

ಮುಂದಿನ ಮೇ ತಿಂಗಳಿಗೆ ಪರದೆಯ ಪಾಠ ಬಿಟ್ಟೆ. ಕವಳದ ಬಟ್ಟಲಿನಿಂದಲೇ ಶುರು. “ಬಾಯಿ ಯಾಕೆ ಕೆಂಪಾಗ್ತದೆ?” ಅರ್ಧ ಗಂಟೆ ಅದೇ ಚರ್ಚೆ, ಒಬ್ಬೊಬ್ಬರದ್ದು ಒಂದೊಂದು ವಾದ. ಆಮೇಲೆ ಎರಡು ಬಕೆಟ್. ಒಂದರಲ್ಲಿ ಹೊಸ ಸುಣ್ಣ, ಇನ್ನೊಂದರಲ್ಲಿ ಬೇಕಂತಲೇ ಹಳೆಯದು. ಕಲಸುವ ಮೊದಲೇ ಯಾವುದರಲ್ಲಿ ಕತ್ತಿ ಕೆಂಪಾಗುತ್ತದೆ ಅಂತ ಪಂಥ ಕಟ್ಟಿಸಿದೆ. ಹೆಚ್ಚಿನವರು ಕಟ್ಟಿದ್ದು ಹೊಸ ಸುಣ್ಣದ ಮೇಲೆ. ಹಳೆಯದರಲ್ಲಿ ಕೆಂಪು ಬಂದಾಗ ಆದ ಗಲಾಟೆ ನನ್ನ ಹಿಂದಿನ ಯಾವ ತರಬೇತಿಯಲ್ಲೂ ಆಗಿರಲಿಲ್ಲ. ಅಲ್ಲಿಂದ ಕಾರಣ ಹೇಳುವುದು ಸುಲಭ. ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು ಎಂಬ ನಾಲ್ಕನೇ ಅಂಶವನ್ನು ನಾನು ಹೇಳುವ ಮೊದಲೇ ಒಬ್ಬರು ತಾವಾಗಿ ಹೇಳಿದರು: “ಹಾಗಾದ್ರೆ ಕಬ್ಬಿಣದ ಡ್ರಮ್ ಪೂರ್ತಿ ಕೆಂಪಾಗ್ತದಲ್ಲ!” ನಾಲ್ಕು, ಒಂಬತ್ತು ಎರಡಕ್ಕೂ ಕಾರಣ ಒಂದೇ, ನಾನೇ ಅವನ್ನು ಎರಡು ಕಡೆ ಹರಿದು ಹಾಕಿದ್ದೆ.

ಇದಕ್ಕೂ ಮೊದಲು ನಾನು ಒಂದು ಪಿರಮಿಡ್ ಚಿತ್ರ ತೋರಿಸುತ್ತಿದ್ದೆ. ಓದಿದ್ದು ಶೇ. 10 ನೆನಪಿರುತ್ತದೆ, ಕೇಳಿದ್ದು 20, ಮಾಡಿದ್ದು 90 ಅಂತ. ತರಬೇತಿ ಕೊಡುವವರೆಲ್ಲರ ಲ್ಯಾಪ್‌ಟಾಪ್‌ನಲ್ಲೂ ಇರುತ್ತದೆ ಅದು. ಅದರ ಮೂಲ ಎನ್ನುವ, ಶಿಕ್ಷಣತಜ್ಞ ಎಡ್ಗರ್ ಡೇಲ್ 1946ರಲ್ಲಿ ಕೊಟ್ಟ ‘ಅನುಭವದ ಶಂಕು’ ಚಿತ್ರದಲ್ಲಿ ಅಂಕಿಯೇ ಇರಲಿಲ್ಲ, ಆಮೇಲೆ ಯಾರೋ ಅಂಟಿಸಿದ್ದು. ಇಷ್ಟು ದುಂಡಗಿನ ಅಂಕಿ ನೋಡಿದಾಗಲೇ ನನಗೆ ಸಂಶಯ ಬರಬೇಕಿತ್ತು. ಕೈಯಲ್ಲಿ ಮಾಡಿದ ಮಾತ್ರಕ್ಕೆ ಕಲಿತಂತಲ್ಲ, ಹುಲೇಕಲ್ಲಿನ ಹುಡುಗನೂ ಕೈಯಲ್ಲೇ ಮಾಡುತ್ತಿದ್ದ.

ಇನ್ನೊಂದು ಬದಲಾವಣೆ ಮರೆವಿನದ್ದು. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹಾಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇವೆ ಅಂತ ಅಳೆದು ಪ್ರಕಟಿಸಿದ್ದು 1885ರಲ್ಲಿ. ಫ್ರಾನ್ಸಿನ ಸಸ್ಯವಿಜ್ಞಾನಿ ಮಿಲಾರ್ಡೆ ದ್ರಾಕ್ಷಿಯ ರೋಗಕ್ಕೆ ಬೋರ್ಡೋ ದ್ರಾವಣದ ವಿವರ ಪ್ರಕಟಿಸಿದ್ದೂ ಅದೇ 1885ರಲ್ಲಿ! ಮದ್ದೂ ಮರೆವೂ ಒಂದೇ ವಯಸ್ಸಿನವು. ಆದರೆ ಎಬ್ಬಿಂಗ್‌ಹಾಸ್‌ನ ಲೆಕ್ಕ ಅರ್ಥವಿಲ್ಲದ ಅಕ್ಷರಗಳದ್ದು, ತೋಟದ ಕೆಲಸಕ್ಕೆ ಹಾಗೇ ತಂದು ಹಚ್ಚಲಾಗದು. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗ. ಪಾಠವನ್ನು ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಮತ್ತೆ ಓದದೆ, ನೆನಪಿನಿಂದ ಬರೆದು ನೋಡಿದವರು ವಾರ ಕಳೆದ ಮೇಲೆ ಮುಂದಿದ್ದರು. ನಾನು ಐದು ಪ್ರಶ್ನೆ ಕೇಳುತ್ತಿದ್ದದ್ದು ಊಟ ಆದ ಕೂಡಲೇ. ಅವರು ಮದ್ದು ಕಲಸುತ್ತಿದ್ದದ್ದು ವಾರಗಳಾದ ಮೇಲೆ.

ಹಾಗಾಗಿ ಈಗ ಮೂರು ವಾರ ಬಿಟ್ಟು ತೋಟಕ್ಕೇ ಹೋಗುತ್ತೇನೆ. ಏನೂ ಹೇಳಿಕೊಡುವುದಿಲ್ಲ, “ಮಾಡಿ ತೋರ್ಸಿ” ಅಂತ ಕಟ್ಟೆ ಮೇಲೆ ಕೂರುತ್ತೇನೆ. ತಡವರಿಸಿದರೂ ತಕ್ಷಣ ಬಾಯಿ ಹಾಕದೆ ಕೂರುವುದು ನನಗೆ ಇನ್ನೂ ಕಷ್ಟವೇ. ದೋಟಿ ತರಬೇತಿಗೆ ಬರುವ ಹಿರಿಯ ಕೊನೆಗೌಡರನ್ನು, ಅಂದರೆ ಅಡಿಕೆ ಕೊನೆ (ಗೊನೆ) ಕೊಯ್ಯುವವರನ್ನು, ನೋಡಿ ಕಲಿಯುತ್ತಿದ್ದೇನೆ. ಹುಡುಗ ತಪ್ಪು ಕೊನೆಗೆ ಕತ್ತಿ ಸಿಕ್ಕಿಸಿದರೂ ಅವರು ಮೇಲೆ ನೋಡುತ್ತಾ ಸುಮ್ಮನಿರುತ್ತಾರೆ. “ಯಾಕೆ ಹೇಳೂದಿಲ್ಲ ಗೌಡ್ರೆ?” ಅಂದರೆ, “ಅಂವಂಗೇ ಕಾಣ್ತದೆ, ತಡೀರಿ.” ಜೀವಕ್ಕೆ ಅಪಾಯ ಇರುವಲ್ಲಿ ಮಾತ್ರ, ಕರೆಂಟ್ ತಂತಿ ಹತ್ತಿರ ಬಂದರೆ, ಅವರ ಕೂಗು ಇಡೀ ತೋಟಕ್ಕೆ ಕೇಳುತ್ತದೆ.

ಕಳೆದ ಜುಲೈನಲ್ಲಿ ಹುಲೇಕಲ್ ಹುಡುಗ ಫೋನ್ ಮಾಡಿದ. “ಅಕ್ಕೋರೆ, ಕತ್ತಿ ಕೆಂಪಾಯ್ತು. ಸುಣ್ಣದ ತಿಳಿ ಹಾಕ್ತಾ ಇದ್ದೆ. ಈಗ ಹೋಯ್ತು. ಸುಮ್ನೆ ಹೇಳಿದ್ದು ಅಷ್ಟೇ.” ಹಿಂದೆ ಪಂಪಿನ ಸದ್ದು.

ಕಚೇರಿಯ ವರದಿ ಫಾರಂನಲ್ಲಿ ಇಂಥದ್ದಕ್ಕೆ ಕಾಲಂ ಇಲ್ಲ. ಮೂರು ವಾರದ ನಂತರದ ಭೇಟಿಯ ಪೆಟ್ರೋಲ್ ಖರ್ಚಿಗೂ ಇಲ್ಲ. ‘ಇತರೆ’ ಅಂತ ಬರೆದು ಬಿಲ್ ಹಚ್ಚುತ್ತಿದ್ದೇನೆ. ಇಲ್ಲಿ ತನಕ ಎರಡು ವಾಪಸ್ ಬಂದಿವೆ.