ಜರ್ನಲ್‌ ತನಕ ಹೋಗದ ಕೊಳೆರೋಗ

ಮಳೆಗಾಲದಲ್ಲಿ ಕಾಯಿ ಕೊಳೆಸಿ ಉದುರಿಸುವ ಅಡಿಕೆಯ ಕೊಳೆರೋಗಕ್ಕೆ ಯಾವ ಮದ್ದು ಎಷ್ಟರಮಟ್ಟಿಗೆ ಹಿಡಿಯುತ್ತದೆ ಎಂದು ಇದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ನೋಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಜರ್ನಲ್‌ಗಳನ್ನು ಜಾಲಾಡಿದರೆ ಹೊಡೆದ ಮದ್ದೆಲ್ಲ ಫಲ ಕೊಟ್ಟ ಕಥೆಗಳೇ. ಎರಡೆರಡು ಸಲ ಬೋರ್ಡೊ ದ್ರಾವಣ ಹೊಡೆದೂ ಆಗಸ್ಟ್‌ನಲ್ಲಿ ಕಾಯಿ ಉದುರಿಸಿಕೊಂಡ ತೋಟಗಳನ್ನು ಕಂಡವಳು ನಾನು. ಇದನ್ನು ನಂಬುವುದು ಹೇಗೆ? “ಸೋತ ಪ್ರಯೋಗ ಜರ್ನಲ್‌ ತನಕ ಹೋಗುವುದಿಲ್ಲಮ್ಮ, ಲೈಬ್ರರಿಯಲ್ಲಿ ಕೇಳು” ಎಂದರು ಮಾರ್ಗದರ್ಶಕರು.

ಕೃಷಿ ವಿಶ್ವವಿದ್ಯಾಲಯದ ಗ್ರಂಥಪಾಲಕಿಗೆ ನನ್ನ ಪಟ್ಟಿ ನೋಡುತ್ತಲೇ ಕೊರತೆ ಹೊಳೆಯಿತು. ಪ್ರಬಂಧಗಳ ಆನ್‌ಲೈನ್‌ ಸಂಗ್ರಹವಾದ ಶೋಧಗಂಗಾದಲ್ಲಿ ಇರುವುದು ಹೆಚ್ಚಾಗಿ ಪಿಎಚ್‌.ಡಿ. ಪ್ರಬಂಧಗಳು. ಒಂದೇ ಮಳೆಗಾಲ ತೋಟದಲ್ಲಿ ನಿಂತು ಮದ್ದು ಹೊಡೆದು ಲೆಕ್ಕ ಹಾಕುವವರು ಎಂ.ಎಸ್ಸಿ. ವಿದ್ಯಾರ್ಥಿಗಳು; ಅವರ ಪ್ರಬಂಧಗಳನ್ನು ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ (ಐಸಿಎಆರ್‌) ಆನ್‌ಲೈನ್‌ ಸಂಗ್ರಹ ಕೃಷಿಕೋಶದಲ್ಲಿ ಹುಡುಕಬೇಕು. “ಅಲ್ಲಿಯೂ ಸಿಗದಿದ್ದರೆ ಮೇಲಿನ ಉಗ್ರಾಣಕ್ಕೆ ಹೋಗೋಣ” ಎಂದರು. ಕೊಳೆರೋಗ ಎಂದಷ್ಟೇ ಹುಡುಕಿದರೆ ಸಾಲದು, ಅದರ ಇನ್ನೊಂದು ಹೆಸರು ಮಹಾಳಿ ಎಂದೂ ಹಾಕಿ. ರೋಗಾಣುವನ್ನು ಹಳಬರು ಫೈಟಾಫ್ತೊರಾ ಅರೆಕೆ ಎಂದರೆ ಈಚಿನವರು ಫೈಟಾಫ್ತೊರಾ ಮೀಡಿಐ ಎನ್ನುತ್ತಾರೆ, ಎರಡನ್ನೂ ಹಾಕಿ ಎಂದರು. ಸಸ್ಯರೋಗಶಾಸ್ತ್ರ ಓದಿದ್ದು ನಾನೋ ಅವರೋ ಎನಿಸಿತು.

ಉಗ್ರಾಣದಲ್ಲಿ ಕಪ್ಪು ರೆಕ್ಸಿನ್‌ ರಟ್ಟಿನ ಪ್ರಬಂಧಗಳು, ಕಾಸರಗೋಡಿನ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ ವಾರ್ಷಿಕ ವರದಿಗಳು, ಯಾವುದೋ ಕಾರ್ಯಾಗಾರದ ಸೈಕ್ಲೋಸ್ಟೈಲ್‌ ಹಾಳೆಗಳು. ಮಾರಾಟಕ್ಕೆಂದು ಅಚ್ಚಾಗದ ಇಂಥವನ್ನೇ ಬೂದು ಸಾಹಿತ್ಯ ಎನ್ನುವುದು. ಬೆರಳಚ್ಚಿನ ಒಂದು ಪ್ರಬಂಧದ ಕೋಷ್ಟಕ ನನ್ನನ್ನು ಬಹಳ ಹೊತ್ತು ಕೂರಿಸಿತು. ಮದ್ದು ಹೊಡೆದ ಮರಗಳಲ್ಲಿ ರೋಗ ಇಲ್ಲವೆನ್ನುವಷ್ಟು ಕಡಿಮೆ. ಏನೂ ಹೊಡೆಯದೆ ಬಿಟ್ಟ ಮರಗಳಲ್ಲೂ ಅಷ್ಟೇ! ಆ ವರ್ಷ ಮಳೆಯೇ ಸರಿಯಾಗಿ ಹಿಡಿದಿರಲಿಲ್ಲ. ಎಲ್ಲ ಸಾಲುಗಳ ಕೊನೆಗೂ ‘ವ್ಯತ್ಯಾಸವಿಲ್ಲ’ ಎಂಬ ಗುರುತು. ಒಂದು ಇಡೀ ಮಳೆಗಾಲ ಮರ ಹತ್ತಿಸಿ ಗೊನೆ ಎಣಿಸಿದ ವಿದ್ಯಾರ್ಥಿಗೆ ಪದವಿಯೇನೋ ಸಿಕ್ಕಿದ್ದೀತು. ಈ ಫಲಿತಾಂಶವನ್ನು ಯಾವ ಸಂಪಾದಕರು ಅಚ್ಚು ಹಾಕುತ್ತಾರೆ? ಆದರೆ ನನಗೆ ಬೇಕಾಗಿದ್ದುದು ಇದೇ. ಮಳೆ ಕಡಿಮೆಯಾದ ವರ್ಷ ಮದ್ದಿನ ಖರ್ಚು ದಂಡ ಎನ್ನುವುದು ಬೆಳೆಗಾರರಿಗೆ ಗೊತ್ತು, ಲೇಖನಗಳಿಗೆ ಗೊತ್ತಿಲ್ಲ.

ಗ್ರಂಥಪಾಲಕಿ ಕೊನೆಗೆ ತಂದಿಟ್ಟದ್ದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಗಾಗಿ ವಿಜ್ಞಾನಿ ಲೆಸ್ಲಿ ಕೋಲ್ಮನ್‌ ಕೊಳೆರೋಗದ ಮೇಲೆ ಬರೆದ 1910ರ ಬುಲೆಟಿನ್‌. ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದ ಮಲೆನಾಡಿಗೆ ಮೈಲುತುತ್ತ, ಸುಣ್ಣದ ಬೋರ್ಡೊ ದ್ರಾವಣವನ್ನು ಒಗ್ಗಿಸಿದವರು ಅವರು. ಕಾಗದ ಮಡಚಿದಲ್ಲೆಲ್ಲ ಪುಡಿಯಾಗುತ್ತಿತ್ತು. “ಜೆರಾಕ್ಸ್‌ ಮಾತ್ರ ಕೇಳಬೇಡಿ” ಎಂದು ಮೊದಲೇ ಎಚ್ಚರಿಸಿ, ಕಿಟಕಿ ಬಳಿ ಮೇಜು ಎಳೆಸಿ, ನಾನು ಮೊಬೈಲಿನಲ್ಲಿ ಫೋಟೊ ತೆಗೆಯುವಷ್ಟು ಹೊತ್ತು ತಾವೇ ಪುಟ ತಿರುವಿದರು.

ನಮ್ಮ ದತ್ತಾಂಶದ ಹಾಳೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯ ಲೆಕ್ಕಕ್ಕೆ ಹೊಸ ಕಾಲಂ ಸೇರಿತು. ಮಾರ್ಗದರ್ಶಕರು ನೋಡಿ, “ಹಾಗಾದರೆ ಜರ್ನಲ್‌ ಲೇಖನಗಳಿಗೂ ಮಳೆ ಹುಡುಕಬೇಕಲ್ಲ” ಎಂದರು. ಹಲವು ಲೇಖನಗಳಲ್ಲಿ ಅದನ್ನು ಬರೆದೇ ಇಲ್ಲ. ಈಗ ತಾಲ್ಲೂಕುವಾರು ಹಳೆಯ ಮಳೆ ದಾಖಲೆಗಳ ಬೇಟೆ. ಗ್ರಂಥಪಾಲಕಿಗೆ ಮತ್ತೆ ಫೋನ್‌ ಮಾಡಿದ್ದೇನೆ.